ಒಂದು ಮಗು ನೋಡ್ಕೊಳ್ಳೋಕೆ ನರ್ಸ್ ಯಾಕೆ?

ಊರಿಗೆ ಹೋದಾಗಲೆಲ್ಲ ಚಿಕ್ಕಮ್ಮ ಕೇಳುತ್ತಾರೆ, ಇಲ್ಲಿ ನ್ಯೂಜೆರ್ಸಿಯ ಕನ್ನಡದವರೂ ಕೇಳುತ್ತಾರೆ. "ಓದಿ, ಪರೀಕ್ಷೆ ಬರೆದು, ಯಾರದೋ ಮನೇಲಿ ರಾತ್ರಿಯೆಲ್ಲ ಒಂದು ಮಗು ಪಕ್ಕ ಕೂತಿರ್ತೀಯಲ್ಲೇ. ಅದಕ್ಕೆ ಆಯಾ ಸಾಕಲ್ವಾ?"

ನಾನು ಎಲ್‌ಪಿಎನ್, ಲೈಸೆನ್ಸ್ಡ್ ಪ್ರಾಕ್ಟಿಕಲ್ ನರ್ಸ್. ಸುಮಾರು ಒಂದು ವರ್ಷದ ಕೋರ್ಸು, ಎನ್‌ಕ್ಲೆಕ್ಸ್-ಪಿಎನ್ ಪರೀಕ್ಷೆ, ಆಮೇಲೆ ರಾಜ್ಯದ ಲೈಸೆನ್ಸು. ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ನಲ್ಲಿ ಇದನ್ನೇ ಎಲ್‌ವಿಎನ್ ಅನ್ನುತ್ತಾರೆ. ಮಗುವಿಗೆ ಏನೇನು ಬೇಕೆಂದು ಆರ್‌ಎನ್, ಅಂದರೆ ನಮಗಿಂತ ಹೆಚ್ಚು ಓದಿದ ರಿಜಿಸ್ಟರ್ಡ್ ನರ್ಸ್ ಬರೆಯುತ್ತಾರೆ, ಡಾಕ್ಟರು ಸಹಿ ಹಾಕುತ್ತಾರೆ, 60 ದಿನಕ್ಕೊಮ್ಮೆ ಅದು ಹೊಸದಾಗುತ್ತದೆ. ಅದರಂತೆ ಔಷಧಿ ಕೊಡುವುದು, ಹೊಟ್ಟೆಯ ಟ್ಯೂಬಿನಲ್ಲಿ ಆಹಾರ ಬಿಡುವುದು, ಉಸಿರು ಕಾಯುವುದು ನನ್ನ ಕೆಲಸ.

ನಾನು ನೋಡಿಕೊಳ್ಳುವ ಹುಡುಗನಿಗೆ ಕುತ್ತಿಗೆಯಲ್ಲಿ ಟ್ರೇಕಿಯಾಸ್ಟಮಿ ಟ್ಯೂಬ್ ಇದೆ, ಅಂದರೆ ಉಸಿರಾಡಲು ಶ್ವಾಸನಾಳಕ್ಕೆ ತೂತು ಮಾಡಿ ಹಾಕಿದ ಕೊಳವೆ. ರಾತ್ರಿ ವೆಂಟಿಲೇಟರ್. ಉಸಿರು ಧ್ವನಿಪೆಟ್ಟಿಗೆಯವರೆಗೆ ಹೋಗದೆ ಟ್ಯೂಬಿನಿಂದಲೇ ಹೊರಬೀಳುವುದರಿಂದ ಅವನು ಅತ್ತರೆ ಶಬ್ದ ಬರುವುದಿಲ್ಲ. ಮುಖ ಕೆಂಪಾಗುತ್ತದೆ, ಬಾಯಿ ತೆರೆಯುತ್ತದೆ, ಕಣ್ಣೀರು ಕಿವಿಯವರೆಗೆ ಹರಿಯುತ್ತದೆ. ಸದ್ದು ಮಾತ್ರ ಇಲ್ಲ. ಮೊದಲ ಸಲ ಕಂಡಾಗ ನನ್ನ ಕರುಳು ಹಿಂಡಿತು. ಪಕ್ಕದ ಕೋಣೆಯಲ್ಲಿ ಮಲಗಿದ ತಾಯಿ ಯಾವ ಅಳು ಕೇಳಿ ಏಳಬೇಕು?

ಅಲಾರಂ ಇದೆಯಲ್ಲ ಅಂತೀರಿ. ಮಗು ಕಾಲು ಝಾಡಿಸಿ, ಕಾಲಿಗೆ ಕಟ್ಟಿದ ಆಕ್ಸಿಜನ್ ಅಳೆಯುವ ಸೆನ್ಸರ್ ಸಡಿಲವಾದರೂ ಅದು ಬಡಿದುಕೊಳ್ಳುತ್ತದೆ. ಯಾವುದು ನಿಜ ಎಂದು ಮಗುವಿನ ಮುಖ, ಎದೆ ನೋಡಿಯೇ ತಿಳಿಯಬೇಕು.

ಚಳಿಗಾಲದಲ್ಲಿ ಹೀಟರ್‌ಗೆ ಗಾಳಿ ಒಣಗಿ ಕಫ ಗಟ್ಟಿಯಾಗುತ್ತದೆ. ಒಂದು ಜನವರಿ ರಾತ್ರಿ, ಮೂರು ಗಂಟೆ ಇರಬಹುದು, ಉಸಿರಿನ ಗರಗರ ಸದ್ದು ತೆಳ್ಳಗಾಗಿ ಸಿಳ್ಳೆಯಂತಾಯಿತು. ಆಕ್ಸಿಜನ್ 97 ಇದ್ದದ್ದು 88ಕ್ಕೆ ಬಂತು. ಕಫ ಹೀರಿ ತೆಗೆಯುವ ಸಕ್ಷನ್ ಪೈಪು ಟ್ಯೂಬಿನ ಒಳಗೆ ಹೋಗಲೇ ಇಲ್ಲ. ತಾಯಿಯನ್ನು ಕೂಗಿದೆ. ತಲೆಯ ಬಳಿ ಸದಾ ಎರಡು ಟ್ಯೂಬ್ ಇಟ್ಟಿರುತ್ತೇವೆ, ಒಂದು ಅದೇ ಅಳತೆಯದು, ಅದು ಹೋಗದಿದ್ದರೆ ಇರಲೆಂದು ಇನ್ನೊಂದು ಒಂದು ಅಳತೆ ಚಿಕ್ಕದು. ಅವರು ಮಗುವನ್ನು ಹಿಡಿದರು, ನಾನು ಪಟ್ಟಿ ಬಿಚ್ಚಿ ಹಳೆಯದನ್ನು ಎಳೆದು ಹೊಸದನ್ನು ಹಾಕಿದೆ. ಕೈಯಿಂದ ಗಾಳಿ ಕೊಡುವ ಅಂಬು ಬ್ಯಾಗ್ ಹಿಂಡಿದಾಗ ಪುಟ್ಟ ಎದೆ ಮೇಲೆದ್ದಿತು. 90, 94, 97. ತೆಗೆದ ಟ್ಯೂಬಿನ ಬಾಯಲ್ಲಿ ಹೆಸರುಕಾಳಿನಷ್ಟು ಒಣ ಕಫ ಕೂತಿತ್ತು. ಅಷ್ಟೇ.

ಇದೆಲ್ಲ ತಂದೆತಾಯಿಗೂ ಬರುತ್ತದೆ, ಕಲಿಸಿಯೇ ಆಸ್ಪತ್ರೆಯವರು ಮನೆಗೆ ಕಳಿಸಿದ್ದು. ಆದರೆ ದಿನಾ ರಾತ್ರಿ ಎಚ್ಚರವಿರಲು ಯಾರಿಂದಾಗುತ್ತದೆ? ಏಜೆನ್ಸಿಗೆ ನರ್ಸ್ ಸಿಗದ ದಿನ ತಾಯಿಯೇ ಕೂರುತ್ತಾರೆ, ಬೆಳಗ್ಗೆ ಕೆಲಸಕ್ಕೂ ಹೋಗುತ್ತಾರೆ. ಮನೆ ಆರೈಕೆಗೆ ಆಸ್ಪತ್ರೆಗಿಂತ ಕಡಿಮೆ ಸಂಬಳ ಕೊಟ್ಟರೆ ನರ್ಸುಗಳು ಎಲ್ಲಿ ನಿಲ್ಲುತ್ತಾರೆ? ಇದಕ್ಕೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ.

ನಾನಿದ್ದ ರಾತ್ರಿ ಕಳೆದು ಏಳು ಗಂಟೆಗೆ ತಾಯಿ ಬರುತ್ತಾರೆ. ರಾತ್ರಿಯ ಲೆಕ್ಕವೆಲ್ಲ ಒಪ್ಪಿಸುತ್ತೇನೆ, ಎಷ್ಟು ಸಲ ಸಕ್ಷನ್, ಎಷ್ಟು ಹಾಲು, ಎಷ್ಟು ಡೈಪರ್. ಕೇಳುತ್ತಾ ನಿಂತ ಅವರ ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿರುತ್ತದೆ.