ಅಜ್ಜಿಗೆ ಹಲ್ಲು ಬಂತು

ಹೋದ ತಿಂಗಳು ದಾವಣಗೆರೆಯ ವಿದ್ಯಾನಗರದಿಂದ ಒಬ್ಬರು ಅಂಗಡಿಗೆ ಬಂದರು. ಕೈಯಲ್ಲಿ ಡಿವಿಡಿ, ಮುಖದಲ್ಲಿ ಸಿಟ್ಟು. 1998ರಲ್ಲಿ ಅವರ ಮದುವೆಗೆ ವಿಡಿಯೊ ಹಿಡಿದವನು ನಾನೇ.

"ಏನಣ್ಣಾರೆ, ನಿಮ್ಮ ಕ್ಯಾಸೆಟ್ ಕೆಟ್ಟೈತಿ. ಮಗ ಬೆಂಗಳೂರಿಂದ ಐವತ್ತೈದು ಇಂಚಿನ ಫೋರ್‌ಕೆ ಟಿವಿ ತಂದಾನೆ. ಕನ್ನಡಿ ಇದ್ದಂಗೈತಿ. ಅದರಾಗೆ ನಾನೊಬ್ಬಳೇ ಮಂಜಿನಾಗೆ ನಿಂತಂಗೆ ಕಾಣ್ತೀನಿ. ಅದೂ ಕುಂಬಳಕಾಯಿ ಆಗಿ!"

ಕ್ಯಾಸೆಟ್ ಅಂದರೂ ಅವರು ತಂದದ್ದು ಡಿವಿಡಿ. ಕ್ಯಾಸೆಟ್‌ನಿಂದ ಅದಕ್ಕೆ ಇಳಿಸಿಕೊಟ್ಟವನೂ ನಾನೇ, 2006ರಲ್ಲಿ. ಆಗ ಡಬ್ಬಾ ಟಿವಿಯಲ್ಲಿ ನೋಡಿ "ಎಷ್ಟು ಚೆಂದ ಬಂದೈತಿ" ಅಂತ ಮೇಲೆ ಐವತ್ತು ರೂಪಾಯಿ ಕೊಟ್ಟಿದ್ದರು. ಅದೇ ತಟ್ಟೆ, ಅದೇ ಚಿತ್ರ. ಬದಲಾಗಿದ್ದು ಟಿವಿ.

ಸಂಜೆ ಅಂಗಡಿ ಮುಚ್ಚಿ ಅವರ ಮನೆಗೆ ಹೋದೆ. ಕುಂಬಳಕಾಯಿಯ ಪರಿಹಾರ ಅರ್ಧ ನಿಮಿಷದ್ದು. ಆ ಕಾಲದ ಚಿತ್ರದ ಅಳತೆ 4:3, ಈಗಿನ ಪರದೆ 16:9. ಟಿವಿ ಚಿತ್ರವನ್ನು ಎರಡೂ ಕಡೆಗೆ ಜಗ್ಗಿ ಪರದೆ ತುಂಬಿಸುತ್ತದೆ, ಮದುವೆಗೆ ಬಂದವರೆಲ್ಲ ದಪ್ಪಗಾಗುತ್ತಾರೆ. ರಿಮೋಟ್ ತಗೊಂಡು 4:3 ಮಾಡಿದೆ. ಅಕ್ಕಾರು ಸಣ್ಣಗಾದರು. ಎರಡೂ ಬದಿಗೆ ಕಪ್ಪು ಪಟ್ಟಿ ಬಂದದ್ದಕ್ಕೆ ಅವರ ಯಜಮಾನರು "ದುಡ್ಡು ಕೊಟ್ಟ ಪರದೆ ಖಾಲಿ ಬಿತ್ತಲ್ರೀ" ಅಂತ ಗೊಣಗಿದರು.

ಮಂಜಿನ ವಿಷಯಕ್ಕೆ ಸ್ವಲ್ಪ ಲೆಕ್ಕ ಹೇಳಬೇಕಾಯಿತು. ನಮ್ಮಲ್ಲಿನ ಡಿವಿಡಿ ಚಿತ್ರ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕೆ, ಅಂದರೆ ಸುಮಾರು 4.15 ಲಕ್ಷ. ಫೋರ್‌ಕೆ ಪರದೆಯಲ್ಲಿ 3840ಕ್ಕೆ 2160, ಹತ್ತಿರ ಹತ್ತಿರ 83 ಲಕ್ಷ. ಸರಿಯಾಗಿ ಇಪ್ಪತ್ತು ಪಟ್ಟು. ಇವರ ಹತ್ತಿರ ಇದ್ದದ್ದು ಹುಟ್ಟಿನಿಂದ ಡಿವಿಡಿ ಕೂಡ ಅಲ್ಲ. ವಿಎಚ್‌ಎಸ್ ಕ್ಯಾಸೆಟ್‌ಗೆ ಅಡ್ಡಕ್ಕೆ ಸುಮಾರು 240 ಗೆರೆಯಷ್ಟೇ ವಿವರ ಹಿಡಿಯುವ ಶಕ್ತಿ. ಪಾವು ಅಕ್ಕಿಯನ್ನು ಕೊಳಗಕ್ಕೆ ಸುರಿದು, ಕೊಳಗ ಯಾಕೆ ತುಂಬಲಿಲ್ಲ ಅಂತ ಅಕ್ಕಿಯ ಮೇಲೆ ಸಿಟ್ಟಾದರೆ ಹೇಗೆ?

ಅವರ ಸೋಫಾ ಟಿವಿಗೆ ಐದೇ ಅಡಿ ದೂರ. ನಾನು ಒಂದು ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಹಿಂದಕ್ಕೆ ಹೋಗುತ್ತಾ ಹೋಗುತ್ತಾ ಅಡುಗೆಮನೆ ಬಾಗಿಲಿಗೆ ಹಾಕಿದೆ. "ಈಗ ಇಲ್ಲಿ ಕುಂತು ನೋಡ್ರಿ." ಕುಂತರು. ಮಂಜು ಮುಕ್ಕಾಲು ಹೋಯಿತು.

ಇದರಲ್ಲಿ ಮಾಟ ಏನಿಲ್ಲ. ಒಳ್ಳೆಯ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಪಾಲಿನಷ್ಟು ಅಂತರ ಇರುವ ಎರಡು ಚುಕ್ಕೆಗಳನ್ನು ಬೇರೆಬೇರೆ ಅಂತ ಗುರುತಿಸುತ್ತದೆ. ಅದಕ್ಕಿಂತ ಹತ್ತಿರ ಇದ್ದರೆ ಒಂದೇ ಆಗಿ ಕಾಣುತ್ತವೆ. ಐವತ್ತೈದು ಇಂಚಿನ ಪರದೆಗೆ ಈ ಲೆಕ್ಕ ಹಾಕಿದರೆ, ಡಿವಿಡಿಯ ಗೆರೆಗಳು ಕಾಣದಿರಲು ಸುಮಾರು ಹದಿಮೂರು ಅಡಿ ದೂರ ಬೇಕು. ಡಿವಿಡಿಯ ನಂತರ ಬಂದ ಬ್ಲೂ-ರೇ ತಟ್ಟೆಯ 1080 ಗೆರೆಗೆ ಏಳು ಅಡಿ ಸಾಕು. ಫೋರ್‌ಕೆಯ ಅಷ್ಟೂ ವಿವರ ಕಣ್ಣಿಗೆ ಸಿಗಬೇಕಾದರೆ ಮೂರೂವರೆ ಅಡಿಗೆ ಬರಬೇಕು. ಮೂರೂವರೆ ಅಡಿಯಲ್ಲಿ ಟಿವಿ ನೋಡಿದರೆ ನಮ್ಮವ್ವ ಬೆನ್ನಿಗೆ ಗುದ್ದುತ್ತಿದ್ದಳು. ಈಗ 7680ಕ್ಕೆ 4320ರ ಏಟ್‌ಕೆ ಬೇರೆ ಬಂದಿದೆ. ಜಪಾನಿನ ಎನ್‌ಎಚ್‌ಕೆ 2018ರ ಡಿಸೆಂಬರ್‌ನಲ್ಲೇ ಅದರಲ್ಲಿ ಪ್ರಸಾರ ಶುರು ಮಾಡಿತು. ನಮ್ಮ ಹತ್ತು ಬೈ ಹನ್ನೆರಡರ ಹಾಲ್‌ನಲ್ಲಿ ಅದನ್ನು ಎಲ್ಲಿ ಕುಂತು ನೋಡುವುದೋ, ಗೋಡೆಗೆ ಮೂಗು ಹಚ್ಚಿ ನೋಡಬೇಕೇನೋ.

ಅಡುಗೆಮನೆ ಬಾಗಿಲಿನಿಂದಲೂ ಒಂದು ದೋಷ ಕಂಡಿತು, ಅದು ನನ್ನದೇ. ತಾಳಿ ಕಟ್ಟುವಾಗ ಬಳೆಗಳ ಅಂಚಿಗೆ ಬಾಚಣಿಗೆಯ ಹಲ್ಲಿನ ಹಾಗೆ ಗೆರೆಗೆರೆ. ಆಗಿನ ಕ್ಯಾಮೆರಾ ಸೆಕೆಂಡಿಗೆ 50 ಅರ್ಧ ಚಿತ್ರ ಹಿಡಿಯುತ್ತಿತ್ತು: ಒಮ್ಮೆ ಬೆಸ ಗೆರೆ, ಒಮ್ಮೆ ಸಮ ಗೆರೆ. ಡಬ್ಬಾ ಟಿವಿ ಅದನ್ನು ಹಾಗೇ ಒಂದಾದ ಮೇಲೊಂದು ಬಿಡಿಸುತ್ತಿತ್ತು. ಹೊಸ ಟಿವಿ ಎರಡು ಅರ್ಧಗಳನ್ನೂ ಕೂಡಿಸಿ ಒಂದೇ ಏಟಿಗೆ ತೋರಿಸಬೇಕು. ಕೈ ಅಷ್ಟರಲ್ಲಿ ಸರಿದಿರುತ್ತದೆ. 2006ರಲ್ಲಿ ಡಿವಿಡಿ ಮಾಡುವಾಗ ನಾನು ಬೆಸ-ಸಮದ ಸರದಿ ತಪ್ಪಿಸಿದ್ದೆ. ಕ್ಯಾಸೆಟ್ ಕೊಡಿ, ಮತ್ತೆ ಮಾಡಿಕೊಡ್ತೀನಿ ಅಂದೆ.

ಆಗ ಮಗ ಬಾಯಿ ಹಾಕಿದ. "ಅಂಕಲ್, ಅಷ್ಟೆಲ್ಲ ಯಾಕೆ? ಎಐ ಹಾಕಿ ಫೋರ್‌ಕೆ ಮಾಡಿದೀನಿ, ನೋಡಿ." ಯಾವುದೋ ಆ್ಯಪ್‌ನಲ್ಲಿ ಹತ್ತು ಸೆಕೆಂಡಿನ ತುಣುಕು. ಅಕ್ಕಿಕಾಳು ಹಾಕುವ ಗದ್ದಲದಲ್ಲಿ ಅವನ ಮುತ್ತಜ್ಜಿ ಕ್ಯಾಮೆರಾ ಕಡೆ ತಿರುಗಿ ನಗುತ್ತಾರೆ. ಸೀರೆಯ ಅಂಚು ಗೀಚಿದ ಹಾಗೆ ಸ್ಪಷ್ಟ. ಕಣ್ಣಿನ ರೆಪ್ಪೆ ಎಣಿಸಬಹುದು. ಬಾಯಿ ತುಂಬ ಹಲ್ಲು, ಸಾಲಾಗಿ, ಟೂತ್‌ಪೇಸ್ಟ್ ಜಾಹೀರಾತಿನವರ ಹಾಗೆ.

ಅಕ್ಕಾರು ಮೊದಲು ನಕ್ಕರು. "ಅಯ್ಯೋ, ನಮ್ಮಜ್ಜಿಗೆ ಹಲ್ಲೆಲ್ಲಿದ್ವೋ! ಮಂಡಕ್ಕಿ ನೆನೆಸಿಕೊಂಡು ತಿಂತಿದ್ಲು." ಆಮೇಲೆ ಇನ್ನೊಮ್ಮೆ ಹಾಕು ಅಂದರು. ಎರಡನೇ ಸಲ ನಗಲಿಲ್ಲ. "ಹಣಿ ಮ್ಯಾಲಿನ ಹಚ್ಚೆ ಎಲ್ಲಿ?" ಅಂತ ಕೇಳಿದರು. ಹಚ್ಚೆ ಇರಲಿಲ್ಲ. ಯಂತ್ರ ಅದನ್ನು ಕೊಳೆ ಅಂದುಕೊಂಡು ಒರೆಸಿಬಿಟ್ಟಿತ್ತು. ಕೊಳಗದ ಖಾಲಿ ಜಾಗಕ್ಕೆ ಅದು ಸುರಿಯುವುದು ಅಕ್ಕಿಯಲ್ಲ, ಮಂಡಕ್ಕಿ.

ಇನ್ನೊಂದು ತಮಾಷೆ ಇದೆ. ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' 1977ರದ್ದು. ಅದರ ಮೂಲ ನೆಗೆಟಿವ್‌ನಿಂದ ಫೋರ್‌ಕೆ ಪ್ರತಿ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಫಿಲ್ಮ್ ರೀಲಿನಲ್ಲಿ ಅಷ್ಟು ವಿವರ ಅಡಗಿರುತ್ತದೆ, ಪರದೆ ಚುರುಕಾದಷ್ಟೂ ಅದು ಹೊರಗೆ ಬರುತ್ತದೆ. ಅದಾಗಿ ಇಪ್ಪತ್ತೊಂದು ವರ್ಷಕ್ಕೆ, ಸಾವಿರ ವ್ಯಾಟಿನ ಲೈಟು ಹೊತ್ತ ಹುಡುಗನನ್ನು ಪಕ್ಕ ನಿಲ್ಲಿಸಿಕೊಂಡು ನಾನು ಹಿಡಿದ ಮದುವೆಯಲ್ಲಿ ಹೊರತೆಗೆಯಲು ಏನೂ ಇಲ್ಲ. ಹೃದಯದ ಆಕಾರದೊಳಗೆ ಮದುಮಗನ ಮುಖ ತಿರುಗಿಸಿದ್ದೆ, ಅದು ಮಾತ್ರ ಇವತ್ತಿಗೂ ಗಟ್ಟಿಯಾಗಿದೆ.

ಹಾಗಾದರೆ ಹೊಸ ಟಿವಿ ಬಂದು ಹಳೆಯ ಕ್ಯಾಸೆಟ್ಟು, ಡಿವಿಡಿ ಸತ್ತವೇ ಅಂತ ಕೇಳುವವರು ಬಹಳ. ನಾನು ನೋಡಿದ ಮಟ್ಟಿಗೆ ಪರದೆ ಯಾವುದನ್ನೂ ಕೊಲ್ಲಲಿಲ್ಲ. ಕೊಂದದ್ದು ಟಿವಿಯ ಹಿಂಭಾಗ. ಹಳದಿ, ಕೆಂಪು, ಬಿಳಿಯ ಮೂರು ತೂತು ಇರುತ್ತಿದ್ದವಲ್ಲ, ಅವು ಎಷ್ಟೋ ಹೊಸ ಟಿವಿಗಳಲ್ಲಿ ಇಲ್ಲವೇ ಇಲ್ಲ. ಹಾಕಲು ಜಾಗ ಇಲ್ಲದ ಮೇಲೆ ಪ್ಲೇಯರ್ ಅಟ್ಟ ಸೇರುತ್ತದೆ. ಮಾಡುವವರೂ ಕೈಬಿಟ್ಟರು. ಜಪಾನಿನ ಫುನಾಯ್ ಕಂಪನಿ 2016ರ ಜುಲೈಯಲ್ಲಿ ಕ್ಯಾಸೆಟ್ ಹಾಕುವ ವಿಸಿಆರ್ ಮಾಡುವುದನ್ನು ನಿಲ್ಲಿಸಿದಾಗ ಅದೇ ಕೊನೆಯದು ಅಂತ ಸುದ್ದಿಯಾಗಿತ್ತು. ಅದೇ ವರ್ಷ ಫೋರ್‌ಕೆ ಬ್ಲೂ-ರೇ ಮಾರುಕಟ್ಟೆಗೆ ಬಂತು, ಒಂದು ತಟ್ಟೆಗೆ 100 ಜಿಬಿವರೆಗೆ. ಚಿತ್ರ ಅದ್ಭುತ. ದಾವಣಗೆರೆಯಲ್ಲಿ ನನ್ನ ಗಿರಾಕಿಗಳ ಪೈಕಿ ಒಬ್ಬರ ಮನೆಯಲ್ಲೂ ಅದನ್ನು ನಾನು ನೋಡಿಲ್ಲ. ಒಳ್ಳೆಯ ಪರದೆಗೆ ಒಳ್ಳೆಯ ತಟ್ಟೆ ಬರುವ ಹೊತ್ತಿಗೆ ಜನ ತಟ್ಟೆಯನ್ನೇ ಬಿಟ್ಟು ಮೊಬೈಲ್ ಹಿಡಿದಿದ್ದರು. ನಾನು ಈ ಮದುವೆ ಹಿಡಿದ 1998ರಲ್ಲೇ ಅಮೆರಿಕದಲ್ಲಿ ನೆಟ್‌ಫ್ಲಿಕ್ಸ್ ಅಂಚೆಯಲ್ಲಿ ಡಿವಿಡಿ ಕಳಿಸಲು ಶುರು ಮಾಡಿದ್ದು. 2023ರ ಸೆಪ್ಟೆಂಬರ್‌ಗೆ ಅದನ್ನೂ ಮುಚ್ಚಿತು.

ಹೊಟ್ಟೆಯಲ್ಲಿಟ್ಟುಕೊಂಡಿದ್ದ ಒಂದು ಮಾತನ್ನೂ ಹೇಳಿಬಿಡುತ್ತೇನೆ. ಅಕ್ಕಾರ ಹತ್ತಿರ ಇರುವುದು ಮಾಸ್ಟರ್ ಅಲ್ಲ, ಅಂದರೆ ಕ್ಯಾಮೆರಾದಲ್ಲೇ ಹಿಡಿದ ಮೂಲ ಕ್ಯಾಸೆಟ್ ಅಲ್ಲ, ಮಿಕ್ಸಿಂಗ್ ಮಾಡಿ ತೆಗೆದ ಕಾಪಿ. ವಿಎಚ್‌ಎಸ್‌ನಲ್ಲಿ ಒಂದೊಂದು ಕಾಪಿಗೂ ಚಿತ್ರ ಮಾಸುತ್ತದೆ. ಮಾಸ್ಟರ್ ಇದ್ದಿದ್ದರೆ ಒಂದು ಕೈ ಚೆನ್ನಾಗಿ ಬರುತ್ತಿತ್ತು. ಆದರೆ ಹೊಸ ಕ್ಯಾಸೆಟ್ಟಿನ ದುಡ್ಡು ಉಳಿಸಲು ಆಗ ಒಂದು ಮದುವೆಯ ಮಾಸ್ಟರ್ ಮೇಲೆ ಇನ್ನೊಂದು ಮದುವೆ ಹಿಡಿಯುತ್ತಿದ್ದೆವು. ಅಕ್ಕಾರ ಮದುವೆಯ ಮೇಲೆ ಯಾರ ಮದುವೆ ಕುಂತಿದೆಯೋ. ಇದನ್ನು ಅವರಿಗೆ ಅವತ್ತು ಹೇಳಲಿಲ್ಲ. ಇಲ್ಲಿ ಓದಿದರೆ ಗೊತ್ತಾಗುತ್ತದೆ.

ಕ್ಯಾಸೆಟ್ ತರಿಸಿ ನೋಡಿದೆ. ಅಂಚಿಗೆ ಬಿಳಿ ಬೂಷ್ಟು. ಒರೆಸಿ, ಎರಡು ದಿನ ಒಣಗಲು ಬಿಟ್ಟು, ನನ್ನ ಹತ್ತಿರ ಉಳಿದಿರುವ ಒಂದೇ ವಿಸಿಆರ್ ಡೆಕ್‌ನಲ್ಲಿ ಹಾಕಿದೆ. ಮೂರು ತಾಸಿನ ಕ್ಯಾಸೆಟ್‌ಗೆ ಮೂರು ತಾಸು ಕೂರಲೇಬೇಕು, ನಡುವೆ ಟ್ರ್ಯಾಕಿಂಗ್ ಜಾರಿ ಚಿತ್ರ ಕದಡಿದರೆ ಕೈ ಹಾಕಬೇಕು. 576 ಗೆರೆಯನ್ನು 576ಕ್ಕೇ ಇಟ್ಟೆ. ಹಿಗ್ಗಿಸಲಿಲ್ಲ, ನುಣುಪು ಮಾಡಲಿಲ್ಲ. ಬಳೆಯ ಬಾಚಣಿಗೆ ಹೋಯಿತು. ಪೆನ್‌ಡ್ರೈವ್ ಕೊಡಲು ಹೋದಾಗ ಅಡುಗೆಮನೆ ಬಾಗಿಲಿಗೆ ಕುರ್ಚಿ ಆಗಲೇ ಬಂದಿತ್ತು. ಅಜ್ಜಿ ತಿರುಗುವ ಹೊತ್ತಿಗೆ ಅಕ್ಕಾರು ಎದ್ದು ಟಿವಿ ಹತ್ತಿರವೇ ಹೋದರು. ಗೇಣು ದೂರದಲ್ಲಿ ಅದು ಬರೀ ಬಣ್ಣದ ಚೌಕಗಳು. ಅವರು ಅಲ್ಲೇ ನಿಂತು "ನಿಲ್ಸು" ಅಂದರು. ಮಗ ನಿಲ್ಲಿಸಿದ. ಬೊಚ್ಚು ಬಾಯಿ ಇತ್ತು, ಹಚ್ಚೆಯೂ ಇತ್ತು, ಒಂದು ಹಸಿರು ಕಲೆಯಷ್ಟು.

ನನ್ನ ಕಪಾಟಿನಲ್ಲಿ ವಾರಸುದಾರರಿಲ್ಲದ ಹನ್ನೊಂದು ಕ್ಯಾಸೆಟ್ ಇವೆ. ಒಂದರ ಮೇಲೆ "ಹರಿಹರ, ಫೆಬ್ರವರಿ 99, ಬಾಕಿ 600" ಅಂತಿದೆ. ನಿಮ್ಮದಾಗಿದ್ದರೆ ಬನ್ನಿ, ಆ ಆರುನೂರು ಬೇಡ. ಪೆನ್‌ಡ್ರೈವ್ ಮಾತ್ರ 32 ಜಿಬಿಯದ್ದು ತನ್ನಿ, ಡೆಕ್‌ನ ಬೆಲ್ಟ್ ಸಡಿಲಾಗುತ್ತಿದೆ, ದೀಪಾವಳಿ ದಾಟಿಸಬೇಡಿ.