ದೀಪಸ್ತಂಭದ ಕೇಸು: ಮೂರನೇ ಸೆಷನ್ ಮುಗಿಯಿತು

ದಾಳ ಎಸೆದು, ಪಾತ್ರಗಳಾಗಿ ಆಡುವ ಭಯದ ಕಥೆಯ ಆಟ (ರೋಲ್‌ಪ್ಲೇಯಿಂಗ್ ಗೇಮ್) ಇದು; ಕಥೆ ನಡೆಸುವುದು ನಾನು, ದೀಪಸ್ತಂಭದಲ್ಲಿ (ಲೈಟ್‌ಹೌಸ್) ಕಾವಲುಗಾರ ಕಾಣೆಯಾದ ಕೇಸು ಬಿಡಿಸುವುದು ನಾಲ್ವರು ಆಟಗಾರರು. ಎರಡನೇ ಸೆಷನ್ ಕೆಟ್ಟುಹೋಗಿದ್ದು ಒಂದು ಮೇಜಿನ ಡ್ರಾಯರ್‌ನಿಂದ. ಒಳಗೆ ಕಾಣೆಯಾದ ಕಾವಲುಗಾರನ ದಿನಚರಿ ಇತ್ತು. ಸ್ಪಾಟ್ ಹಿಡನ್, ಅಂದರೆ ಅಡಗಿದ್ದನ್ನು ಗುರುತಿಸುವ ಕೌಶಲದ ಮೇಲೆ ದಾಳ ಹಾಕಿ ಅಂದೆ. ನಾಲ್ವರೂ ಸೋತರು. ಪುಶ್ ಮಾಡಿ ಮತ್ತೊಮ್ಮೆ ಎಸೆಯಬಹುದಿತ್ತು, ಆದರೆ ಈ ಸಲ ಬೇರೆ ರೀತಿ ಹೇಗೆ ಹುಡುಕುತ್ತೀರಿ ಅಂದರೆ ಯಾರಿಗೂ ಏನೂ ಹೊಳೆಯಲಿಲ್ಲ. ಇಪ್ಪತ್ತು ನಿಮಿಷ ಸುಮ್ನೆ ಮುಖ ಮುಖ ನೋಡುತ್ತಾ ಕೂತೆವು.

ತಪ್ಪು ದಾಳದ್ದಲ್ಲ, ನನ್ನದೇ. ನಾವು ಆಡುತ್ತಿರುವುದು ಕಾಲ್ ಆಫ್ ಕ್ತುಲು, ಏಳನೇ ಆವೃತ್ತಿ. ಸ್ಪಾಟ್ ಹಿಡನ್ ಶುರುವಾಗುವುದೇ 25ರಿಂದ, ಅಂದರೆ ನೂರಕ್ಕೆ 25 ಸಲ ಮಾತ್ರ ಗೆಲುವು. ನಾಲ್ವರೂ ಅಷ್ಟರಲ್ಲೇ ಇದ್ದರೆ ಎಲ್ಲರೂ ಸೋಲುವ ಸಾಧ್ಯತೆ ಸುಮಾರು 32%. ದಿನಚರಿ ಸಿಗದಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತದೆ ಅಂತ ಗೊತ್ತಿದ್ದೂ ಅದನ್ನು ದಾಳದ ಕೈಗೆ ಕೊಟ್ಟಿದ್ದೆ.

ಈ ಸಲ ಗಮ್‌ಶೂ ಅನ್ನುವ ಪತ್ತೇದಾರಿ ಆಟಗಳ ಪದ್ಧತಿಯಿಂದ ಒಂದು ಉಪಾಯ ಎತ್ತಿಕೊಂಡೆ. 2007ರಲ್ಲಿ ರಾಬಿನ್ ಲಾಸ್ ರೂಪಿಸಿದ್ದು ಅದು. ಸರಿಯಾದ ಜಾಗದಲ್ಲಿ, ಸರಿಯಾದ ಕೌಶಲ ಇರುವವರು ಹುಡುಕಿದರೆ ಮುಖ್ಯ ಸುಳಿವು ಸಿಕ್ಕೇ ಸಿಗುತ್ತದೆ. ನಾನು ದಾಳವನ್ನು ಪೂರ್ತಿ ಬಿಡಲಿಲ್ಲ. ಸೋತರೂ ಸುಳಿವು ಕೈಗೆ ಬರುತ್ತದೆ, ಜೊತೆಗೆ ಒಂದು ತೊಂದರೆಯೂ ಬರುತ್ತದೆ. ಡ್ರಾಯರ್ ತೆರೆಯಿತು, ಆದರೆ ಕಿರ್ ಅನ್ನುವ ಸದ್ದಿಗೆ ಮೇಲಿನ ಮಹಡಿಯಲ್ಲಿ ಯಾರೋ ನಡೆಯುವುದನ್ನು ನಿಲ್ಲಿಸಿದರು. ಅಷ್ಟು ಹೊತ್ತು ಯಾರೋ ನಡೆಯುತ್ತಿದ್ದರು ಅನ್ನುವುದು ಆಟಗಾರರಿಗೆ ಗೊತ್ತಾಗಿದ್ದೇ ಆಗ. ಒಬ್ಬರೂ ಉಸಿರೆತ್ತಲಿಲ್ಲ!

ಆಮೇಲೆ ಸ್ಯಾನಿಟಿ, ಅಂದರೆ ಪಾತ್ರದ ಮನಸ್ಸಿನ ಸ್ಥಿಮಿತದ ಅಂಕ. ಮೇಲೆ ಹೋದವಳು ಒಂದೇ ಏಟಿಗೆ 6 ಅಂಕ ಕಳೆದುಕೊಂಡಳು. 5 ಅಥವಾ ಜಾಸ್ತಿ ಹೋದರೆ ಬುದ್ಧಿಯ ಮೇಲೆ ದಾಳ ಎಸೆಯಬೇಕು. ಅದರಲ್ಲಿ ಗೆದ್ದರೇ ಕೆಡುಕು: ಕಂಡದ್ದು ಅರ್ಥವಾಯಿತು, ಹಾಗಾಗಿ ತಲೆ ಕೆಡುತ್ತದೆ. ಗೆದ್ದಳು. ಕುಣಿದಳು. ನಾನು ನಿಯಮ ಓದಿ ಹೇಳಿದ ಮೇಲೆ ಮುಖ ನೋಡಬೇಕಿತ್ತು.

ನಕ್ಷೆ ಮಾತ್ರ ಕೈಕೊಟ್ಟಿತು. ಇಡೀ ಕಟ್ಟಡದ್ದನ್ನು ಮೊದಲೇ ಮೇಜಿನ ಮೇಲೆ ಹರಡಿದ್ದೆ. ಎಲ್ಲರೂ ಕೋಣೆಗಳಿಗೆ ಟಿಕ್ ಹಾಕುತ್ತಾ ಹೋದರು, ಸಾಮಾನಿನ ಪಟ್ಟಿ ನೋಡಿದ ಹಾಗೆ. ಭಯ ಎಲ್ಲಿಂದ ಬರಬೇಕು ಹೇಳಿ? ಮುಂದಿನ ಸಲ ಬಾಗಿಲು ತೆರೆದ ಮೇಲೆ ಆ ಕೋಣೆ ಬರೆಯುತ್ತೇನೆ, ಅದೂ ಲಾಟೀನಿನ ಬೆಳಕು ಬಿದ್ದಷ್ಟೇ.

ಇಡೀ ಸಂಜೆಯ ಒಳ್ಳೆಯ ಸುಳಿವು ನಾನು ಬರೆದದ್ದೇ ಅಲ್ಲ. ಕಾವಲುಗಾರ ಹೋಗಿ ಒಂಬತ್ತು ರಾತ್ರಿ ಆಗಿದೆ, ದೀಪ ಮಾತ್ರ ಉರಿಯುತ್ತಲೇ ಇದೆ. ಒಬ್ಬ ಕೇಳಿದ, "ಪೀಪಾಯಿಯಲ್ಲಿ ಎಣ್ಣೆ ಎಷ್ಟಿದೆ? ಕೋಲು ಅದ್ದಿ ನೋಡುತ್ತೇನೆ." ನನ್ನ ಟಿಪ್ಪಣಿಯಲ್ಲಿ ಎಣ್ಣೆಯ ಮಾತೇ ಇರಲಿಲ್ಲ. ಬಾಯಿಗೆ ಬಂದದ್ದು ಹೇಳಿಬಿಟ್ಟೆ: ತುಂಬಿದೆ, ಒಂದು ಹನಿಯೂ ಕಮ್ಮಿಯಾಗಿಲ್ಲ.

ಅಲ್ಲಿಗೆ ಆಟ ನಿಲ್ಲಿಸಿದೆವು. ಹಾಗಾದರೆ ದೀಪ ಯಾವುದರಿಂದ ಉರಿಯುತ್ತಿದೆ ಅಂತ ನಾಲ್ವರೂ ತಲೆ ಕೆಡಿಸಿಕೊಂಡಿದ್ದಾರೆ. ಮುಂದಿನ ಸೆಷನ್‌ನೊಳಗೆ ನಾನೂ ಅದನ್ನು ಕಂಡುಹಿಡಿಯಬೇಕು.