ಬೀಗ ಹಾಕಿದ ಆಟಿಕೆಗೆ ಅಂಕವಿಲ್ಲ

ಹುಬ್ಬಳ್ಳಿಯ ವಿದ್ಯಾನಗರವಿರಲಿ, ಕೇಶ್ವಾಪುರವಿರಲಿ, ಧಾರವಾಡದ ಸಪ್ತಾಪುರವಿರಲಿ, ಕೂಸನ್ನು ಬಿಟ್ಟು ಕೆಲಸಕ್ಕೆ ಹೋಗಲು ಜಾಗ ಹುಡುಕುವ ತಾಯಂದಿರು ‘ಅಕ್ಕಾ, ಯಾವುದು ಚಲೋ?’ ಎಂದು ಕೇಳಿದರೆ ನಾನು ಯಾವ ಹೆಸರನ್ನೂ ಹೇಳುವುದಿಲ್ಲ. ಬೆಳಗ್ಗೆ ಹನ್ನೊಂದಕ್ಕೆ ಹೋಗಿ, ಒಂದೂವರೆಯ ತನಕ ಅಲ್ಲಿಯೇ ಕುಳಿತುಕೊಳ್ಳಿ ಎನ್ನುತ್ತೇನೆ. ಹೆಚ್ಚಿನವರು ಹೋಗುವುದು ಸಂಜೆ ಕಚೇರಿ ಬಿಟ್ಟ ಮೇಲೆ, ಇಲ್ಲವೇ ಭಾನುವಾರ. ಆಗ ಮಕ್ಕಳೇ ಇರುವುದಿಲ್ಲ. ಗೋಡೆಯ ಮೇಲಿನ ಜಿರಾಫೆ, ಎ.ಸಿ., ಸಿಸಿಟಿವಿ ಕ್ಯಾಮೆರಾ ಇಷ್ಟನ್ನು ನೋಡಿ ಮುಂಗಡ ಕಟ್ಟಿ ಬರುತ್ತಾರೆ. ಹನ್ನೊಂದರ ನಂತರದ ಹೊತ್ತೇ ಬೇರೆ. ಹಸಿವು, ನಿದ್ದೆ, ಜಗಳ, ಒದ್ದೆಯಾದ ಚಡ್ಡಿ ಎಲ್ಲವೂ ಒಮ್ಮೆಲೇ ಬರುತ್ತವೆ. ನೋಡಿಕೊಳ್ಳುವವರ ದನಿ ಆಗ ಹೇಗಿರುತ್ತದೆಯೋ ಅದೇ ಆ ಜಾಗದ ನಿಜವಾದ ದನಿ.

ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಮಾನವ ಅಭಿವೃದ್ಧಿ ವಿಷಯ ಓದುವಾಗ ನನಗೆ ಒಂದು ಮಾಪನದ ಪರಿಚಯವಾಯಿತು. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಥೆಲ್ಮಾ ಹಾರ್ಮ್ಸ್ ಮತ್ತು ರಿಚರ್ಡ್ ಕ್ಲಿಫರ್ಡ್ 1980ರಲ್ಲಿ ಪ್ರಕಟಿಸಿದ ಇಸಿಇಆರ್‌ಎಸ್ ಅದು. ಶಾಲೆಗೆ ಮುಂಚಿನ ಮಕ್ಕಳ ತರಗತಿಯನ್ನು ಅಳೆಯಲು ಮಾಡಿದ್ದು. ಮನೆಯಲ್ಲಿಯೇ ನಡೆಸುವ ಡೇ ಕೇರ್‌ಗಳಿಗೆಂದು 1989ರಲ್ಲಿ ಬೇರೆಯೇ ಒಂದು ಮಾಪನ ಬಂತು. 2007ರಲ್ಲಿ ಅದನ್ನು ಪರಿಷ್ಕರಿಸಿದರು. ಅಂಕ 1ರಿಂದ 7. 1 ಎಂದರೆ ಸಾಲದು, 3 ಎಂದರೆ ಕನಿಷ್ಠ, 5 ಒಳ್ಳೆಯದು, 7 ಅತ್ಯುತ್ತಮ. 3ರ ಕೆಳಗೆ ಬರೆದ ಮಾತುಗಳೆಲ್ಲ ಹೌದೆನಿಸದೆ 5ಕ್ಕೆ ಏರುವಂತಿಲ್ಲ. ಹಾಗಾಗಿ ಚಂದದ ಉಯ್ಯಾಲೆ ತೋರಿಸಿ ಅದರ ಮೊನಚು ಕಬ್ಬಿಣವನ್ನು ಮರೆಸುವುದು ಆಗದ ಮಾತು. ನೋಡಲು ಹೋದವರು ಸುಮಾರು ಮೂರು ಗಂಟೆ ಮೂಲೆಯಲ್ಲಿ ಕುಳಿತು, ನಡುವೆ ಬಾಯಿ ಹಾಕದೆ, ಕಂಡದ್ದನ್ನು ಬರೆಯಬೇಕು.

ಆ ಮಾಪನದಲ್ಲಿ ನನ್ನ ಮನಸ್ಸಿನಲ್ಲಿ ಬೇರೂರಿದ ಪ್ರಶ್ನೆ ಒಂದೇ. ಈ ವಸ್ತು ಮಗುವಿನ ಕೈಗೆ ಸಿಗುತ್ತದೆಯೇ? ಮಗು ತಾನೇ ಎದ್ದು ಹೋಗಿ, ಯಾರನ್ನೂ ಬೇಡದೆ, ತೆಗೆದುಕೊಂಡು ಆಡಲು ಆಗುತ್ತದೆಯೇ? ಕಪಾಟಿನಲ್ಲಿ ನೂರು ಆಟಿಕೆಗಳಿದ್ದು ಕೀಲಿ ಅಕ್ಕನ ಸೆರಗಿನಲ್ಲಿದ್ದರೆ ಅಂಕ ಸಿಗುವುದಿಲ್ಲ.

ನಮ್ಮ ಜಿಲ್ಲೆಯ ಒಂದು ಅಂಗನವಾಡಿಯಲ್ಲಿ ಇದನ್ನು ಕಣ್ಣಾರೆ ಕಂಡೆ. ಅಚ್ಚುಕಟ್ಟಾದ ಕೋಣೆ, ಮಮತೆಯುಳ್ಳ ಕಾರ್ಯಕರ್ತೆ. ಕಬ್ಬಿಣದ ಅಲ್ಮೇರಾದ ನೆತ್ತಿಯ ಮೇಲೆ ಜೋಡಿಸಿ ಆಡುವ ಮರದ ತುಂಡುಗಳ ಪೆಟ್ಟಿಗೆ, ಅದಕ್ಕೆ ಹೊದಿಸಿದ ಪ್ಲಾಸ್ಟಿಕ್ ಇನ್ನೂ ಹರಿದಿರಲಿಲ್ಲ. ಕೆಳಗೆ ಜಮಖಾನೆಯ ಮೇಲೆ ಮಕ್ಕಳು ಕೈಕಟ್ಟಿ ಕುಳಿತಿದ್ದರು. ಒಬ್ಬ ಹುಡುಗ ಜಮಖಾನೆಯ ಅಂಚಿನ ದಾರವನ್ನು ಎಳೆದು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು ಮಾಡುತ್ತಿದ್ದ. ಬಹಳ ಹೊತ್ತು ಅವನು ತಲೆ ಎತ್ತಲಿಲ್ಲ. ಅವನ ಬೆರಳಿಗೆ ಕೆಲಸ ಬೇಕಾಗಿತ್ತು. ‘ಆ ಪೆಟ್ಟಿಗೆ ಕೆಳಗಿಡಬಹುದಲ್ಲ ರೀ?’ ಎಂದು ಆಮೇಲೆ ಕೇಳಿದೆ. ‘ಮುರಿದರೆ ನಾನೇ ಲೆಕ್ಕ ಕೊಡಬೇಕು ರೀ ಮೇಡಂ’ ಎಂದರು.

ಅವರ ಮೇಲೆ ತಪ್ಪು ಹೊರಿಸಲು ನಾನು ಸಿದ್ಧಳಿಲ್ಲ. 1975ರ ಅಕ್ಟೋಬರ್ 2ರಂದು ಐಸಿಡಿಎಸ್, ಅಂದರೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಶುರುವಾದಾಗಿನಿಂದ ಅಂಗನವಾಡಿಯನ್ನು ಅಳೆದದ್ದು ಹಾಜರಿ, ತೂಕ, ಆಹಾರ ದಾಸ್ತಾನಿನ ಲೆಕ್ಕದಿಂದ. ಈಗ ಅದೇ ಲೆಕ್ಕ ಪೋಷಣ್ ಟ್ರ್ಯಾಕರ್ ಆ್ಯಪ್‌ಗೂ ಹೋಗುತ್ತದೆ. ಅಪೌಷ್ಟಿಕತೆ ಇರುವ ಊರುಗಳಲ್ಲಿ ಆ ಲೆಕ್ಕ ಬೇಕೇ ಬೇಕು. ಆದರೆ ಆಟಿಕೆಗೂ ಅಕ್ಕಿ ಬೇಳೆಯ ದಾಸ್ತಾನಿನ ನಿಯಮವನ್ನೇ ಹಚ್ಚಿದರೆ, ಅದನ್ನು ಮುಟ್ಟಗೊಡದೆ ಕಾಯುವುದೇ ಕಾರ್ಯಕರ್ತೆಯ ಕರ್ತವ್ಯವಾಗಿಬಿಡುತ್ತದೆ. ದಾಸ್ತಾನು ರಿಜಿಸ್ಟರ್‌ನಲ್ಲಿ ‘ಮಕ್ಕಳು ಆಡಿ ಸವೆದದ್ದು’ ಎಂಬ ಒಂದು ಕಾಲಂ ಸೇರಿಸಿ, ಅದನ್ನು ಆ ಕೇಂದ್ರದ ಹಿರಿಮೆಯೆಂದು ಎಣಿಸಬೇಕು. ವರ್ಷದ ಕೊನೆಗೂ ಹೊಸದಾಗಿಯೇ ಉಳಿದ ಆಟಿಕೆ ಪೆಟ್ಟಿಗೆ ಕಂಡರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇನ್ನೊಂದು ಕಡೆ, ಗೋಕುಲ ರಸ್ತೆಯ ಒಳಓಣಿಯಲ್ಲಿ ಎರಡು ಕೋಣೆಯ ಮನೆ. ಅರವತ್ತರ ಆಸುಪಾಸಿನ ಹೆಂಗಸು, ಓಣಿಯ ಮಕ್ಕಳಿಗೆಲ್ಲ ಆಯಿ. ಫಲಕವಿಲ್ಲ, ಬಣ್ಣದ ಗೋಡೆಯಿಲ್ಲ. ಸುಲಗಾಯಿಯ (ಹಸಿ ಕಡಲೆಯ) ಕಾಲ, ನೆಲದ ಮೇಲೆ ಕಟ್ಟು ಹರಡಿಕೊಂಡು ಕುಳಿತಿದ್ದರು. ನಾಲ್ಕು ವರ್ಷದವಳ ಕೈಗೆ ಒಂದು ಕಾಯಿ ಕೊಟ್ಟು ‘ಒಳಗೆ ಎಷ್ಟು ಕಾಳು ಇದೆ ಹೇಳು ನೋಡೋಣ’ ಎಂದರು. ‘ಎರಡು’ ಎಂದಳು. ಬಿಡಿಸಿದರೆ ಒಂದೇ. ‘ಇನ್ನೊಂದು ಎಲ್ಲಿಗೆ ಹೋಯಿತು ತಂಗಿ?’ ಹುಡುಗಿ ಯೋಚಿಸಿದಳು. ಆಯಿ ಅವಸರ ಮಾಡಲಿಲ್ಲ, ಉತ್ತರವನ್ನೂ ಹೇಳಿಕೊಡಲಿಲ್ಲ. ‘ಹುಳ ತಿಂದಿದೆ.’ ‘ಹಾಗಾದರೆ ಹುಳ ಒಳಗೆ ಹೋದ ಬಾಗಿಲು ಹುಡುಕು.’ ಸಿಪ್ಪೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಆ ಹುಡುಗಿ ಸೂಜಿಮೊನೆಯಷ್ಟು ತೂತನ್ನು ಹುಡುಕಿಯೇ ಬಿಟ್ಟಳು. ಅಷ್ಟರಲ್ಲಿ ಒಂದೂವರೆ ವರ್ಷದ ಕೂಸು ಕಾಳಿನ ಕಡೆ ತೆವಳಿತು. ಆಯಿ ಮಾತು ನಿಲ್ಲಿಸದೆಯೇ ಅದರ ಮುಂದೆ ಸ್ಟೀಲ್ ಬಟ್ಟಲು, ಚಮಚ ಸರಿಸಿ, ಕಾಳುಗಳನ್ನು ತಮ್ಮ ಬೆನ್ನ ಹಿಂದಕ್ಕೆ ಎಳೆದುಕೊಂಡರು. ಕಾಳು ಗಂಟಲಲ್ಲಿ ಸಿಕ್ಕರೆ ಏನಾಗುತ್ತದೆ ಎಂಬುದನ್ನು ಅವರಿಗೆ ಯಾರೂ ತರಬೇತಿಯಲ್ಲಿ ಕಲಿಸಿರಲಿಲ್ಲ.

ಮಾತಿನ ವಿಷಯದಲ್ಲಿ ಆ ಮನೆಗೆ ನಾನು ಕಣ್ಣು ಮುಚ್ಚಿ 6 ಕೊಡುತ್ತೇನೆ. ಶುಚಿತ್ವದಲ್ಲಿ 1. ಊಟಕ್ಕೆ ಮುಂಚೆ ಎಲ್ಲರ ಕೈಯನ್ನೂ ಒಂದೇ ಬಕೆಟ್ಟಿನ ನೀರಿನಲ್ಲಿ ಅದ್ದಿ, ಒಂದೇ ಟವೆಲ್ಲಿನಿಂದ ಒರೆಸುತ್ತಿದ್ದರು. ಒಂದು ಕೂಸಿಗೆ ಭೇದಿಯಾದರೆ ವಾರದೊಳಗೆ ಎಲ್ಲರಿಗೂ ಅಂಟುತ್ತದೆ. ಹೇಳಿದೆ. ಮುಖ ಚಿಕ್ಕದು ಮಾಡಿಕೊಂಡರೂ ಕೇಳಿಸಿಕೊಂಡರು. ಮುಂದಿನ ಸಲ ಹೋದಾಗ ಮೋರಿಯ ಪಕ್ಕ ಮಗ್ಗಿನಿಂದ ಹರಿಯುವ ನೀರು, ಸಾಬೂನು. ಗೋಡೆಯ ಮೊಳೆಗಳಲ್ಲಿ ಹಳೆಯ ಸೀರೆಯ ತುಂಡುಗಳು, ಒಂದೊಂದು ಮಗುವಿಗೆ ಒಂದೊಂದು ಬಣ್ಣ. ಒಂದು ರೂಪಾಯಿಯ ಖರ್ಚಿಲ್ಲ. ಅದಕ್ಕೇ ಹೊರಗಿನವರೊಬ್ಬರು ಬಂದು ಕುಳಿತು ನೋಡಬೇಕು ಎನ್ನುವುದು. ಫೇಲು ಮಾಡಲು ಬರುವುದಲ್ಲ.

ವಿದೇಶದ ಮಾಪನವನ್ನು ಹಾಗೆಯೇ ಎತ್ತಿ ತರುವುದಕ್ಕೂ ನಾನು ಒಪ್ಪುವುದಿಲ್ಲ. ಮಕ್ಕಳ ಅಳತೆಯ ಮೇಜು ಕುರ್ಚಿ ಇಲ್ಲವೆಂದು ಚಾಪೆಯ ಮೇಲೆ ಸಾಲಾಗಿ ಕುಳಿತು ಉಣ್ಣುವ ಮನೆಗೆ ಅಂಕ ಕಡಿಯುವುದು ಅನ್ಯಾಯ. ತಮಿಳುನಾಡಿನಲ್ಲಿ ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನ ಇದನ್ನು ಅಲ್ಲಿನ ಕೇಂದ್ರಗಳಿಗೆ ಒಗ್ಗಿಸಿ ಟೀಸರ್ಸ್ ಎಂಬ ಮಾಪನ ಮಾಡಿತ್ತು. ನಮ್ಮ ಕಡೆಯ ಮನೆಗಳಿಗೆ ಕನ್ನಡದಲ್ಲಿ ಅಂಥದ್ದೊಂದು ಬೇಕೆಂಬುದು ನನ್ನ ಬಹುದಿನಗಳ ಆಸೆ.

ಒಂದು ಅಳತೆಯಂತೂ ನಮ್ಮದೇ ಇದೆ. ಪುಟ್ಟ ಮಕ್ಕಳ ಆರೈಕೆ ಮತ್ತು ಶಿಕ್ಷಣ ಕುರಿತ 2013ರ ರಾಷ್ಟ್ರೀಯ ನೀತಿಯ ಗುಣಮಟ್ಟದ ಪ್ರಕಾರ ಮೂರರಿಂದ ಆರು ವರ್ಷದ ಇಪ್ಪತ್ತು ಮಕ್ಕಳಿಗೆ ಒಬ್ಬರು, ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬರು ಇರಬೇಕು. ಹತ್ತು ಕೂಸುಗಳಿಗೆ ಒಬ್ಬರೇ ಎಂಬುದು ನನ್ನ ಮಟ್ಟಿಗೆ ಬಹಳ ಕಡಿಮೆಯಾಯಿತು. ಎಣಿಸುವಾಗ ಅಡುಗೆಮನೆಯಲ್ಲಿ ಇರುವವರನ್ನು, ಗೇಟಿನ ಬಳಿ ಫೋನಿನಲ್ಲಿ ಇರುವವರನ್ನು ಬಿಡಿ. ಕೋಣೆಯಲ್ಲಿ ಮಕ್ಕಳ ಜೊತೆ ಇರುವವರಷ್ಟೇ ಲೆಕ್ಕ.

ಐವತ್ತು ಅಥವಾ ಅದಕ್ಕೂ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು ಎಂದು 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ ಹೇಳಿತು. ಹಳ್ಳಿಗಳಲ್ಲಿ ನರೇಗಾ ಕೂಲಿಗೆ ಹೋಗುವ ತಾಯಂದಿರಿಗಾಗಿ ‘ಕೂಸಿನ ಮನೆ’ಗಳು ಬಂದಿವೆ. ಕಾಯ್ದೆಯ ಆ ನಾಲ್ಕು ಭೇಟಿಗಳ ಹಿಂದಿನ ಬುದ್ಧಿ ನನಗೆ ಬಹಳ ಮೆಚ್ಚುಗೆ. ನಿಮ್ಮ ಮಗು ಇರುವುದು ಖಾಸಗಿ ಡೇ ಕೇರ್‌ನಲ್ಲಾದರೂ, ಓಣಿಯ ಆಯಿಯ ಮನೆಯಲ್ಲಾದರೂ ಆಗಾಗ ಹೇಳದೆ ಕೇಳದೆ ಹೋಗಿ. ಆಯಿಗೆ ಜ್ವರ ಬಂದ ದಿನ ಮಕ್ಕಳನ್ನು ನೋಡುವವರು ಯಾರು ಎಂಬುದನ್ನು ಮೊದಲೇ ಕೇಳಿ, ಅವರ ಮುಖವನ್ನೂ ನೋಡಿಟ್ಟುಕೊಳ್ಳಿ. ಹೋದಾಗಲೆಲ್ಲ ‘ಮಕ್ಕಳು ಮಲಗಿದ್ದಾರೆ, ಆಮೇಲೆ ಬನ್ನಿ’ ಎಂದು ಬಾಗಿಲಲ್ಲೇ ನಿಲ್ಲಿಸಿದರೆ, ತಿಂಗಳ ಶುಲ್ಕ ಕಟ್ಟಿದ್ದರೂ ಸರಿ, ಮಗುವನ್ನು ಕರೆದುಕೊಂಡು ಬನ್ನಿ.